ಗಟ್ಟಿಯಾಗಿ ಕೊಡಿ

ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ಎಂದು ಜನ ಮಾತಿಗೆ ಹೇಳುತ್ತಾರೆ. ಬೇತಮಂಗಲದ ಚಿಕ್ಕವೆಂಕಟಪ್ಪನಿಗೆ ತಣ್ಣೀರೇ ಹಾಗಾಗಿತ್ತು. ಹೊಗೆಸೊಪ್ಪು ಜಗಿದು ಜಗಿದು ಕ್ಯಾನ್ಸರ್ ಬಂದು, ಡಾಕ್ಟರು ನಾಲಿಗೆಯ ಬುಡವನ್ನೇ ಕತ್ತರಿಸಿ ತೆಗೆದಿದ್ದರು. ಊಟವೆಲ್ಲ ಮೂಗಿನ ಪೈಪಿನಲ್ಲಿ. ಬಾಯಿಂದ ನುಂಗುವುದು ಕಲಿತರೆ ಪೈಪು ತೆಗೆಯುತ್ತೇವೆ, ಇಲ್ಲದಿದ್ದರೆ ಹೊಟ್ಟೆಗೇ ತೂತು ಮಾಡಬೇಕಾಗುತ್ತದೆ ಎಂದಿದ್ದರು.

ಹೆಂಡತಿ ಆದಿಲಕ್ಷ್ಮಮ್ಮ ಅವನ ಅಕ್ಕನ ಮಗಳೇ. ತೂತಿನ ಮಾತು ಕೇಳಿದಾಗಿನಿಂದ ಅವಳಿಗೆ ಹಟ ಹಿಡಿದಿತ್ತು. ಕಾಯಿಲೆಯವರಿಗೆ ತೆಳ್ಳಗಿರಬೇಕು ಎಂದು ಗಂಜಿಗೆ ನೀರು ಬೆರೆಸಿ ಕುಡಿಸಿದಳು. ಕುಡಿದಾಗಲೆಲ್ಲ ಅವನು ಕೆಮ್ಮಿ ಕೆಮ್ಮಿ ಸುಸ್ತಾದ. ಆಮೇಲೆ ಜ್ವರ ಬಂತು. ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಹುಡುಗಿ ಚೆನ್ನಾಗಿ ಬೈದಳು. ನೀರಾಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತೆ, ಗಟ್ಟಿಯಾಗಿ ಕೊಡಿ ಅಂದಳು.

ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಆದಿಲಕ್ಷ್ಮಮ್ಮ ಮನೆಗೆ ಬಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

"ಗಟ್ಟಿ ಕೊಡು ಅಂದವ್ರೆ ಮಾವ. ಇವತ್ತು ಮುದ್ದೆ ಮಾಡ್ತೀನಿ."

ಹಾಲು ಕರೆಯುತ್ತಿದ್ದ ಸೊಸೆ ಪುಷ್ಪ ತಲೆಯೆತ್ತಿದಳು. "ಅತ್ತೆ, ಗಂಜೀನೇ ಗಟ್ಟಿಗೆ ಕಾಯ್ಸಿ ಅಂತಲ್ವಾ ಅವ್ರು ಏಳಿದ್ದು?"

"ಮುದ್ದೇನ ಯಾರಾದ್ರೂ ಅಗೀತಾರೇನೇ? ಗಂಟ್ಲಿಗಾಕಿದ್ರೆ ತಾನೇ ಜಾರ್ಕೊಂಡೋಯ್ತದೆ. ನಂಗೇ ಏಳ್ಕೊಡಕ್ಕೆ ಬಂದ್ಲು!"

ಅವಳದೇನು ತಪ್ಪು ಹೇಳಿ? ಈ ಸೀಮೆಯಲ್ಲಿ ಮುದ್ದೆ ಅಗಿಯುವವನನ್ನು ಕಂಡರೆ ಮಕ್ಕಳೂ ನಗುತ್ತವೆ. ತುತ್ತನ್ನು ಹಿಂದಕ್ಕೆ ತಳ್ಳುವುದು ನಾಲಿಗೆ ಎಂದು, ನಾಲಿಗೆ ನೆಟ್ಟಗಿರುವಾಗ ಯಾರಿಗೆ ತಾನೇ ಗೊತ್ತಾಗುತ್ತದೆ?

ಸೊಪ್ಪಿನ ಸಾರಿನ ವಾಸನೆಗೆ ಚಿಕ್ಕವೆಂಕಟಪ್ಪ ತಾನೇ ಎದ್ದು ಗೋಡೆಗೊರಗಿ ಕೂತ. ತಟ್ಟೆ ನೋಡಿ ಅತ್ತುಬಿಟ್ಟ. ಅವಳು ನೆಲ್ಲಿಕಾಯಿಯಷ್ಟು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಯೊಳಕ್ಕೆ ಇಟ್ಟಳು.

"ನುಂಗು ಮಾವ."

ಅವನು ಕಣ್ಣು ಮುಚ್ಚಿ ನುಂಗಿದ. ಅದು ಇಳಿಯಲಿಲ್ಲ, ಮೇಲಕ್ಕೂ ಬರಲಿಲ್ಲ. ಕಾಲು ಒದ್ದುಕೊಂಡ, ತಟ್ಟೆ ಹಾರಿಹೋಯಿತು, ಮುಖ ನೀಲಿಗಟ್ಟಿತು. ಪುಷ್ಪ ಓಡಿಬಂದು ಬೆನ್ನಿಗೆ ಗುದ್ದಿದಳು. ಆದಿಲಕ್ಷ್ಮಮ್ಮ ಬೆರಳುಗಳನ್ನು ಅವನ ಗಂಟಲಿಗೆ ತೂರಿಸಿ, ಮಾಯದ ಗಾಯವನ್ನೆಲ್ಲ ಕೆರೆದು, ಮುದ್ದೆಯನ್ನು ಕಿತ್ತಳು. ಅದರ ಜೊತೆ ರಕ್ತವೂ ಬಂತು. ಮಗ ರಾಜ್‌ಕುಮಾರ್ ಅಪ್ಪನನ್ನು ಆಟೋದಲ್ಲಿ ಹಾಕಿಕೊಂಡು ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಓಡಿದ.

ಜೀವ ಉಳಿಯಿತು, ಗಂಟಲು ಉಳಿಯಲಿಲ್ಲ. ಹೊಟ್ಟೆಗೆ ತೂತು ಮಾಡಿ ಪೈಪು ಇಟ್ಟು ಕಳಿಸಿದರು. ಈಗ ಪುಷ್ಪ ಸಿರಿಂಜಿನಲ್ಲಿ ಗಂಜಿ ಬಿಡುತ್ತಾಳೆ. ಅವನು ಸುಮ್ಮನೆ ಸೂರು ನೋಡುತ್ತ ಮಲಗಿರುತ್ತಾನೆ. ಆದಿಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ನೋಡುತ್ತಾಳೆ.

ಮೊನ್ನೆ ಪುಷ್ಪ ಡೈರಿಗೆ ಹೋಗಿದ್ದಾಗ ಆದಿಲಕ್ಷ್ಮಮ್ಮ ಒದ್ದೆ ಬಟ್ಟೆ ಹಿಡಿದು ಮಂಚದ ಹತ್ತಿರ ಹೋದಳು.

"ಏನೂ ಕೊಡಲ್ಲ ಮಾವ. ಮೈ ಒರ್ಸಕ್ಕೆ ಬಂದೆ."

ಚಿಕ್ಕವೆಂಕಟಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅವಳು ಕಾಲು ಒರೆಸಿದಳು, ಹೊಟ್ಟೆ ಒರೆಸಿದಳು, ಕತ್ತಿನವರೆಗೂ ಒರೆಸಿದಳು. ಅವನು ಕೈ ತೆಗೆಯಲಿಲ್ಲ.