ಇಜಾಜತ್ತಿಗೆ ಹೋದ ಕವಿತೆಗಳು

ಮಸ್ಕಿಯ ಮರಿಸ್ವಾಮಿ ಮಾಸ್ತರರ ಮೊದಲ ಕವನ ಸಂಕಲನ ಅಚ್ಚಾಗಿ ಬಂದಾಗ ಅವರಿಗೆ ನಲವತ್ತೊಂಬತ್ತು ತುಂಬಿತ್ತು. ಸೀಮೆಯಾಚೆ ಗದಗಿನಲ್ಲಿ ಅಚ್ಚಾದ ಇನ್ನೂರು ಪ್ರತಿಗಳು ಕೊಪ್ಪಳದವರೆಗೆ ರೈಲಿನಲ್ಲಿ, ಅಲ್ಲಿಂದ ಸಿಂಧನೂರಿಗೆ ಮೋಟಾರಿನಲ್ಲಿ, ಕೊನೆಗೆ ಚಕ್ಕಡಿಯಲ್ಲಿ ಮಸ್ಕಿ ಸೇರಿದವು. ‘ಎರೆಹೊಲದ ದಾರಿ’ ಎಂದು ಹೆಸರು. ಹಗಲೆಲ್ಲ ಸರಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ, ಭೂಗೋಳ ಕಲಿಸಿ ಬಂದು, ಇಪ್ಪತ್ತು ವರ್ಷ ಮನೆಯ ಪಡಸಾಲೆಯಲ್ಲಿ ಕೂತು ಬರೆದ ನಲವತ್ತೆರಡು ಕವಿತೆಗಳು ಅದರಲ್ಲಿದ್ದವು. ಗಂಟು ಬಿಚ್ಚಿದಾಗ ಮಾಸ್ತರರಿಗೆ ಸಂತೋಷಕ್ಕಿಂತ ಹೆಚ್ಚಾಗಿ, ಇದೊಂದು ಮುಗಿಯಿತಲ್ಲ ಎನಿಸಿತು.

ಮುಗಿದಿರಲಿಲ್ಲ. ಬಟ್ಟೆ ಅಂಗಡಿಯ ಅಮರಗುಂಡಪ್ಪ ಅವರ ಹಳೆಯ ಗೆಳೆಯ. ಅವನು ಬಿಡಲಿಲ್ಲ.

“ಪುಸ್ತಕ ಬಂದೈತಿ ಅಂದ್ಮ್ಯಾಲ ನಾಕು ಮಂದಿ ಮುಂದ ಓದಬೇಕ್ರಿ ಮಾಸ್ತರ. ಪೆಟ್ಟಿಗ್ಯಾಗ ಇಟ್ರ ಗೆದ್ದಲೇ ಓದ್ತಾವ.”

ಮಠದ ಅಂಗಳದಲ್ಲಿ ಸಭೆ ಎಂದು ಅವನೇ ನಿಶ್ಚಯಿಸಿದ. ನಿಜಾಮರ ರಾಜ್ಯದಲ್ಲಿ ಹತ್ತು ಜನ ಒಂದೆಡೆ ಸೇರಿ ಏನಾದರೂ ಓದಬೇಕೆಂದರೆ ಇಜಾಜತ್ತು, ಅಂದರೆ ಸರಕಾರದ ಅಪ್ಪಣೆ ಬೇಕಿತ್ತು. ಅರ್ಜಿ ಲಿಂಗಸುಗೂರಿಗೆ ಹೋಯಿತು. ತಿಂಗಳ ಮೇಲೆ ಉತ್ತರ ಬಂತು: ಪುಸ್ತಕದ ಪ್ರತಿಯೊಂದು ಕವಿತೆಯ ಸಾರಾಂಶವನ್ನು ಕಚೇರಿಯವರಿಂದಲೇ ಉರ್ದುವಿನಲ್ಲಿ ಬರೆಸಿ ಒಪ್ಪಿಸಬೇಕು.

ಬರೆದುಕೊಳ್ಳಬೇಕಾದವರು ಕಚೇರಿಯ ಪೇಶ್ಕಾರ, ಅಂದರೆ ಹಿರಿಯ ಗುಮಾಸ್ತ, ಜಿಲಾನಿಸಾಬ್. ಶಾಲೆಗೆ ಶುಕ್ರವಾರ ರಜೆ, ಕಚೇರಿಗೂ ಅಂದೇ ರಜೆ. ಹೀಗಾಗಿ ಮಾಸ್ತರರು ಶುಕ್ರವಾರ ನಸುಕಿಗೆ ಎದ್ದು, ಸಿಕ್ಕಿದರೆ ಮೋಟಾರು, ಇಲ್ಲದಿದ್ದರೆ ಯಾರದಾದರೂ ಗಾಡಿ ಹಿಡಿದು ಲಿಂಗಸುಗೂರಿನಲ್ಲಿದ್ದ ಸಾಹೇಬರ ಮನೆಗೇ ಹೋಗತೊಡಗಿದರು. ನಮಾಜು ಮುಗಿಸಿ ಬಂದ ಜಿಲಾನಿಸಾಬ್ ಚಾಪೆ ಹಾಸಿ ಕೂರಿಸುತ್ತಿದ್ದರು. ಮಾಸ್ತರರು ಕವಿತೆ ಓದಿ ಅರ್ಥ ಹೇಳುವುದು, ಸಾಹೇಬರು ಬರೆದುಕೊಳ್ಳುವುದು. ಒಂದು ವರ್ಷ ತಿದ್ದಿದ ಕವಿತೆ ಉರ್ದುವಿನಲ್ಲಿ ಒಂದೇ ಸಾಲಾಗುತ್ತಿತ್ತು: ‘ಇದರಲ್ಲಿ ಮಳೆಯ ವರ್ಣನೆ ಇದೆ, ಆಕ್ಷೇಪಾರ್ಹ ಏನೂ ಇಲ್ಲ.’ ಐದು ಶುಕ್ರವಾರ ಕಳೆಯುವಷ್ಟರಲ್ಲಿ ಮಾಸ್ತರರಿಗೆ ತಾನು ಬರೆದದ್ದರ ಮೇಲೇ ಬೇಸರ ಬಂದಿತ್ತು. ಹೌದಲ್ಲ, ಇದರಲ್ಲಿ ಏನಿದೆ? ಮಳೆ ಇದೆ, ಅಷ್ಟೇ.

ಆರನೆಯ ಶುಕ್ರವಾರ ಅವರು ಒಂದು ಪುಟ ಬಿಟ್ಟು ಮುಂದಕ್ಕೆ ತಿರುವಿದರು. ಜಿಲಾನಿಸಾಬರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಆದರೆ ಕಣ್ಣು ಚುರುಕಾಗಿತ್ತು.

“ಒಂದು ಹಾಳಿ ಹಾರಿಸಿದ್ರಿ ಮಾಸ್ತರ.”

“ಅದು ಏನಿಲ್ರಿ ಸಾಹೇಬ್ರ. ಮನಿ ಮಾತು.”

“ಬಿಟ್ರ ಮ್ಯಾಲಿನವ್ರು ಕೇಳ್ತಾರ. ಹೇಳ್ರಿ.”

ಮಾಸ್ತರರು ಓದಲಿಲ್ಲ, ಬರೀ ಹೇಳಿದರು. ಹನ್ನೊಂದು ವರ್ಷದ ಹಿಂದೆ ಊರಿಗೆ ವಾಂತಿಭೇದಿ ಬಂದಾಗ ಒಂಬತ್ತು ವರ್ಷದ ಮಗಳು ಶೇಖರಮ್ಮ ಎರಡೇ ದಿನದಲ್ಲಿ ತೀರಿಕೊಂಡಳು. ಅವರು ಪರೀಕ್ಷೆಯ ಕೆಲಸಕ್ಕೆ ರಾಯಚೂರಿಗೆ ಹೋಗಿದ್ದರು. ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಈ ಕವಿತೆ ಅದರದು. ಹೆಂಡತಿ ಕಸ್ತೂರೆಮ್ಮನಿಗೆ ಓದು ಬರುವುದಿಲ್ಲ. ಹೀಗೊಂದು ಬರೆದಿದ್ದೇನೆಂದು ಆಕೆಗೆ ಹೇಳಿಲ್ಲ.

ಜಿಲಾನಿಸಾಬ್ ಲೇಖನಿ ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ‘ಗೃಹಕೃತ್ಯದ ವಿಷಯ’ ಎಂದಷ್ಟೇ ಬರೆದರು. ಆಮೇಲೆ ಒಳಗೆ ಹೋಗಿ ಹೊಸದೊಂದು ಪುಸ್ತಕ ತಂದರು. ಅವರದೇ ಗಜಲುಗಳ ಸಂಕಲನ, ಹದಿನೈದು ದಿನದ ಕೆಳಗೆ ಹೈದರಾಬಾದಿನಿಂದ ಅಚ್ಚಾಗಿ ಬಂದದ್ದು.

“ಕಚೇರಿಯವ್ರೆಲ್ಲ ವಾಹ್‌ವಾ ಅಂದಾರ. ನನ್ನ ಕೈಕೆಳಗಿನ ಮಂದಿ, ಅನ್ನದ ಏನ್ ಮಾಡ್ತಾರ? ನೀವು ಖರೇ ಹೇಳ್ರಿ.”

ಮಾಸ್ತರರು ಆ ವಾರವೆಲ್ಲ ಅದನ್ನು ಓದಿದರು. ಮುಂದಿನ ಶುಕ್ರವಾರ ಹೊಗಳಿಬಿಡೋಣ ಎಂದುಕೊಂಡೇ ಹೋದರು. ಇಜಾಜತ್ತು ಇವರ ಕೈಯಲ್ಲಿತ್ತು. ಆದರೆ ಮೋಟಾರು ದಾರಿಯಲ್ಲಿ ಕೆಟ್ಟು ಮೂರು ಮೈಲಿ ನಡೆದಿದ್ದರು, ಮೊಣಕಾಲು ಸೆಳೆಯುತ್ತಿತ್ತು. ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ.

“ಭಾಷಾ ಭಾಳ ಚೊಲೊ ಐತ್ರಿ ಸಾಹೇಬ್ರ. ಆದ್ರ ಇದರಾಗಿನ ನರ್ಗಿಸ್ ಹೂವು ನೀವೂ ನೋಡಿಲ್ಲ, ನಾನೂ ನೋಡಿಲ್ಲ. ನಿಮ್ಮ ತಾಯಿ ಮ್ಯಾಲ ಬರದದ್ದು ಒಂದೈತಲ್ರಿ, ರೊಟ್ಟಿ ಬಡಿಯೋ ಸಪ್ಪಳದ್ದು, ಅದು ನಿಮ್ಮದು. ಅದನ್ನ ಎರಡು ಸರ್ತಿ ಓದೀನಿ.”

ಸಾಹೇಬರು ಪುಸ್ತಕ ಕೈಗೆತ್ತಿಕೊಂಡು ಆ ಪುಟ ತೆರೆದರು. “ಅದನ್ನ ತಗದು ಹಾಕಂತ ಹೈದರಾಬಾದಿನ ಉಸ್ತಾದರು ಹೇಳಿದ್ರು,” ಎಂದರು. ಆಮೇಲೆ ಮಾಸ್ತರರ ಮುಖ ನೋಡದೆ ಮಿಕ್ಕ ಕವಿತೆಗಳ ಸಾರಾಂಶ ಬರೆದು ಮುಗಿಸಿ, ಕಾಗದ ಕಟ್ಟಿಟ್ಟರು. ಕೆಲಸ ಕೆಟ್ಟಿತು ಎಂದುಕೊಂಡೇ ಮಾಸ್ತರರು ಮರಳಿದರು.

ಹತ್ತು ದಿನಕ್ಕೆ ಇಜಾಜತ್ತು ಬಂತು. ಒಂದೇ ತಾಸು, ಹಗಲಲ್ಲಿ, ಒಬ್ಬ ಜವಾನನ ಎದುರಿಗೆ.

ಮಠದ ಅಂಗಳಕ್ಕೆ ಮೂವತ್ತು ಜನ ಬಂದಿದ್ದರು. ಒಂದು ಬದಿಗೆ ಏಳೆಂಟು ಹೆಂಗಸರು, ಅವರ ನಡುವೆ ಕಸ್ತೂರೆಮ್ಮ. ಲಿಂಗಸುಗೂರಿನಿಂದ ಬಂದ ಜಿಲಾನಿಸಾಬ್ ಕುರ್ಚಿ ಬೇಡವೆಂದು ಕಂಬಕ್ಕೆ ಒರಗಿ ನಿಂತಿದ್ದರು. ಜವಾನ ಬೇವಿನ ಬುಡದಲ್ಲಿ ಕೂತು ಬೀಡಿ ಹಚ್ಚಿದ. ಮಾಸ್ತರರು ಮೂರು ಕವಿತೆ ಓದುವಷ್ಟರಲ್ಲಿ ಗಂಟಲು ಕಟ್ಟಿತು. ಅಮರಗುಂಡಪ್ಪ “ಕೊಡ್ರಿ ಇಲ್ಲೆ” ಎಂದು ಪುಸ್ತಕ ತೆಗೆದುಕೊಂಡು, ತೆರೆದಲ್ಲಿಂದ ದೊಡ್ಡ ದನಿಯಲ್ಲಿ ಓದತೊಡಗಿದ. ನಾಲ್ಕು ಸಾಲಿಗೇ ಅದು ಯಾವುದೆಂದು ಮಾಸ್ತರರಿಗೆ ತಿಳಿಯಿತು. ಅರ್ಧ ಎದ್ದರು, ಮತ್ತೆ ಕೂತರು. ತಂದೆಯ ದಾರಿ ನೋಡುತ್ತ ಮಲಗಿದ ಹುಡುಗಿಯ ಹೆಸರು ಬಂದಾಗ ಅಮರಗುಂಡಪ್ಪನ ದನಿಯೇ ಇಳಿಯಿತು, ಆದರೂ ಕೊನೆಯವರೆಗೆ ಓದಿದ. ಕಸ್ತೂರೆಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ನಡೆದಳು. ಕಂಬದ ಬಳಿಯಿದ್ದ ಜಿಲಾನಿಸಾಬ್ ಆಕೆಗೆ ದಾರಿ ಬಿಟ್ಟು, ತಲೆ ತಗ್ಗಿಸಿ ನಿಂತರು.

ತಾಸು ಮುಗಿದ ಮೇಲೆ ಜನ ಮಾಸ್ತರರ ಕೈಹಿಡಿದು ಏನೇನೋ ಅಂದರು. ಅವರಿಗೆ ಒಂದೂ ಕೇಳಿಸಲಿಲ್ಲ.

ಮನೆಯಲ್ಲಿ ಕಸ್ತೂರೆಮ್ಮ ಒಲೆಯ ಮುಂದೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

“ತಪ್ಪಾತು,” ಎಂದರು ಮಾಸ್ತರರು. “ನಿನಗ ಮೊದ್ಲ ಹೇಳಬೇಕಿತ್ತು.”

“ಹನ್ನೊಂದು ವರ್ಷ ಅಕಿ ಹೆಸರು ಈ ಮನ್ಯಾಗ ನೀವು ಎತ್ತಿದ್ದಿಲ್ಲ. ಮರತಾರ ಅಂದ್ಕೊಂಡಿದ್ದೆ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಇನ್ನೊಮ್ಮಿ ಓದ್ರಿ.”

ಗಂಟಲು ಬಿದ್ದಿತ್ತು. ಆದರೂ ಓದಿದರು. ಆಕೆ ಮೊಣಕಾಲಿಗೆ ಗದ್ದ ಊರಿ ಕೇಳಿದಳು.

“ಕೆಂಪು ಲಂಗ ಅಂತ ಬರದೀರಿ.”

“ಹೂಂ. ಅಕಿಗಿ ಅದೇ ಬೇಕಾಗಿತ್ತಲ್ಲ ಯಾವಾಗ್ಲೂ.”

“ಅವತ್ತು ಉಟ್ಟಿದ್ದು ಹಸರು. ಕೆಂಪುದು ತೊಳದು ಹಾಕಿದ್ದೆ, ಆರಿದ್ದಿಲ್ಲ. ಅದೇ ಬೇಕಂತ ಅತ್ತಳು.” ಒಲೆಯತ್ತ ತಿರುಗಿ, “ನೀವು ಇದ್ದಿಲ್ಲಲ್ಲ. ನಿಮಗ ಹ್ಯಾಂಗ ಗೊತ್ತಾಗಬೇಕು,” ಎಂದಳು.

ಮಾಸ್ತರರು ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಆ ಎರಡು ದಿನ ಏನೇನಾಯಿತು ಎಂದು ಮೊದಲ ಸಲ ಕೇಳಿದರು. ಆಕೆ ಹೇಳಿದಳು.

ಮರುದಿನ ಶಾಲೆಯಿಂದ ಬಂದವರೇ ಪಡಸಾಲೆಯಲ್ಲಿ ಪುಸ್ತಕದ ಗಂಟು ಬಿಚ್ಚಿ, ಮಸಿದೌತಿ ಹತ್ತಿರ ಎಳೆದುಕೊಂಡರು. ‘ಕೆಂಪು’ ಎಂಬುದನ್ನು ಹೊಡೆದು ಮೇಲೆ ‘ಹಸಿರು’ ಎಂದು ಬರೆದರು. ಆ ಸಾಲಿನ ಲಯವೇನೂ ಕೆಡಲಿಲ್ಲ. ಕಸ್ತೂರೆಮ್ಮ ಎದುರಿಗೆ ಬಂದು ಕೂತಳು. ಎರಡು ಮೂರು ಪ್ರತಿ ನೋಡುವಷ್ಟರಲ್ಲಿ ಆ ಪುಟದ ಗುರುತು ಆಕೆಗೆ ಸಿಕ್ಕಿತು. ಒಂದೊಂದೇ ಪುಸ್ತಕವನ್ನು ಅಲ್ಲಿಗೇ ತೆರೆದು ಗಂಡನ ಮುಂದೆ ಇಡುತ್ತ, ಮಸಿ ಆರಿದ್ದನ್ನು ಮುಚ್ಚಿ ಬದಿಗೆ ಜೋಡಿಸತೊಡಗಿದಳು.