ಕೂಸು ಅಳಬಾರದ ಮಿಲ್ಲು

ಸಿಂಧನೂರಿನ ಆ ಅಕ್ಕಿ ಮಿಲ್ಲಿನ ಮೇಸ್ತ್ರಿ ಅಮರಗುಂಡಪ್ಪನದು ಬೆಲ್ಲದಂಥ ಮಾತು. ಅವನ ನಾಲಿಗೆಗೆ ಹುಳ ಬೀಳಲಿ! ಎಂಬತ್ತೊಂಬತ್ತರಲ್ಲಿ ನಾವು ದಢೇಸುಗೂರಿನ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದಾಗ ಬದುವಿನ ಮೇಲೆ ನಿಂತು ಹೇಳಿದ್ದ:

"ಯಂಕಮ್ಮ, ಎಷ್ಟು ದಿನ ಕೆಸರಾಗ ಇರತೀ ಬೇ? ನಮ್ಮ ಮಿಲ್ಲಂದ್ರ ತವರುಮನಿ ಇದ್ದಂಗ. ಕೂಸುಗೋಳಿಗೆ ಜೋಲಿ ಕಟ್ಟಿಸೀವಿ, ನೋಡಾಕ ಆಯಾ ಅದಾಳ. ಅತ್ತಾಗೊಮ್ಮೆ ಹೋಗಿ ಹಾಲು ಕುಡಿಸು, ಯಾರು ಬ್ಯಾಡಂತಾರ?"

ಎರಡು ಕೂಸು ಕಳೆದುಕೊಂಡ ಮೇಲೆ ಹುಟ್ಟಿದವನು ನನ್ನ ದುರುಗಪ್ಪ. ಅವನಾದರೂ ನೆರಳಲ್ಲಿ ಬೆಳೆಯಲಿ ಎಂಬ ಆಸೆಗೆ ನಾಟಿಯ ಗುಂಪು ಬಿಟ್ಟು ಬಂದೆ. ಮರುದಿನವೇ ನನ್ನ ಜಾಗಕ್ಕೆ ಬೇರೊಬ್ಬಳು ಸೇರಿದಳು.

ಜೋಲಿ ಇತ್ತು, ಸುಳ್ಳಲ್ಲ. ಆದರೆ ಮೊದಲ ದಿನ ಮಗ ಅತ್ತನೆಂದು ಭತ್ತ ಒಣಗಿಸುವ ಕಣದಿಂದ ಎದ್ದೆ ನೋಡಿ, ಅಮರಗುಂಡಪ್ಪ ಅಡ್ಡ ಬಂದ.

"ಊಟದ ಹೊತ್ತಿಗೆ ಹೋಗು. ಎಲ್ಲಾರ ಕೂಸೂ ಸುಮ್ನ ಮಲಗ್ಯಾವ, ನಿನ್ನದೊಂದ ಏನು ನವಾಬನ ಮಗನ?"

ಎದೆ ಸೋರಿ ಕುಪ್ಪಸ ಒದ್ದೆಯಾಯಿತು. ಮಗನ ದನಿ ಕೀರಲಾಗುವವರೆಗೂ ಕೇಳಿಸಿಕೊಳ್ಳುತ್ತ ಭತ್ತ ಕೆದರಿದೆ.

ದಿನಾ ಇದೇ ಗೋಳು. ಒಂದು ಸಂಜೆ, "ನಾಳೇನೂ ಅತ್ತರ ಕೂಸಿನ ಜೋಡಿ ನೀನೂ ಮನಿಯಾಗಿರು" ಎಂದುಬಿಟ್ಟ. ಬೆಳಿಗ್ಗೆ ಆಯಾ ಜೋಗಮ್ಮ ನನ್ನ ಅಂಗೈಗೆ ಸಾಸಿವೆಯಷ್ಟು ಕರಿ ಗುಳಿಗೆ ಹಾಕಿದಳು.

"ಅಫೀಮು. ಹಾಲಾಗ ತೇಯ್ದು ನೆಕ್ಕಿಸು. ಇಲ್ಲಿ ಎಲ್ಲಾರೂ ಹಾಕ್ತಾರವ್ವ. ಇಲ್ಲಂದ್ರ ಕೂಸುಗೋಳು ಇಷ್ಟು ಶಾಣ್ಯಾ ಇರತಾವೇನು?"

ಅವಳನ್ನು ಬೈದೆ, ಅತ್ತೆ, ಕೊನೆಗೆ ನೆಕ್ಕಿಸಿದೆ. ಬೇರೆ ಯಾರೂ ಅಲ್ಲ, ನಾನೇ.

ಮಧ್ಯಾಹ್ನ ಹೋಗಿ ಎದೆಗೆ ಹಚ್ಚಿದರೆ ಬಾಯಿ ತೆರೆಯಲಿಲ್ಲ. ಕತ್ತು ವಾಲಿತ್ತು. ಉಸಿರು ಇದೆಯೋ ಇಲ್ಲವೋ ತಿಳಿಯದು. ದವಾಖಾನೆಗೆ ಒಯ್ಯಬೇಕೆಂದು ಗೇಟಿಗೆ ಓಡಿದೆ. ಗೇಟು ಕಾಯುವ ಯೂನುಸ ಬೀಗ ಮುಟ್ಟಿ ಕೈ ಹಿಂದೆ ತೆಗೆದ.

"ಮೇಸ್ತ್ರಿ ಹುಕುಂ ಇಲ್ದ ತೆಗದ್ರ ನನ್ನ ನೌಕರಿ ಹೋಗತೈತಿ ಅಕ್ಕಾ. ಕೇಳ್ಕೊಂಡು ಬರತೀನಿ ತಡಿ" ಎಂದು ಒಳಗೆ ಓಡಿದ.

ನಾನು ಗೇಟಿನ ಬುಡದಲ್ಲೇ ಕುಸಿದೆ. ಕೆನ್ನೆ ತಟ್ಟಿದೆ, ಪಾದ ಉಜ್ಜಿದೆ, ತೊಡೆ ಚಿವುಟಿದೆ.

"ಅಳಲೇ ನಮ್ಮಪ್ಪಾ! ನಿನ್ನ ಕಾಲಿಗೆ ಬೀಳತೀನಿ, ಒಂದ್ಸಲ ಅಳೋ!"

ಯೂನುಸ ಇನ್ನೂ ಬಂದಿರಲಿಲ್ಲ. ಬಹಳ ಹೊತ್ತಿನ ಮೇಲೆ ಮಗನ ತುಟಿ ಅಲುಗಿತು. ಬೆಕ್ಕಿನ ಮರಿಯ ಹಾಗೆ ಕುಂಯ್ ಎಂದ. ಆಮೇಲೆ ದನಿ ತೆಗೆದು ಅಳತೊಡಗಿದ.

"ಯಾರದಲೇ ಅದು ಕೂಸು? ಬಾಯಿ ಮುಚ್ಚಸ್ರಿ!" ಎಂದು ಕಣದಿಂದ ಅಮರಗುಂಡಪ್ಪ ಕೂಗಿದ.

ನಾನು ಮಗನನ್ನು ಇನ್ನೊಮ್ಮೆ ಚಿವುಟಿದೆ.