ಬಾಯಿ ಬಿಡದ ಅರ್ಧಚಂದ್ರಗಳು

ಕರ್ಜಿಕಾಯಿಯಂತೆ ಮಡಚಿ ನಾನು ಮಾಡಿದ ಅಕ್ರೋಟಿನ ಅರ್ಧಚಂದ್ರ ಓವನ್ನಿನಲ್ಲಿ ಬಾಯಿ ಬಿಟ್ಟದ್ದು ಇಲ್ಲವೇ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳಲಿ ಅಂತ ಕಾಯುವ ತಾಳ್ಮೆ ನನಗಿಲ್ಲ. ಮೈದಾಕ್ಕೆ ಬೆಣ್ಣೆ ಹಾಕಿ ಕಲಸಿ, ಲಟ್ಟಿಸಿ, ದುಂಡಗೆ ಕತ್ತರಿಸಿ, ಅಕ್ರೋಟು ಸಕ್ಕರೆಯ ಹೂರಣ ಇಟ್ಟು ಮಡಚುವುದು ಯಾರಿಗಾದರೂ ಬರುತ್ತದೆ. ಅಂಚು ಕೂರಿಸುವುದರಲ್ಲಿದೆ ಎಲ್ಲ. ನನ್ನ ತಂಗಿ ಮಾಡಿದವಂತೂ ಪ್ರತಿ ಸಲ ಬಾಯಿ ಬಿಟ್ಟು, ಹೂರಣವೆಲ್ಲ ಟ್ರೇಗೆ ಹರಿದು ಕರಕಲಾಗುತ್ತದೆ.

ಅಂಥವಳು ಫೋನ್ ಮಾಡಿ, "ಅಕ್ಕಾ, ಕೈ ಮುರ್ಕೊಂಡು ಕೂತಿದ್ದೀಯ. ಭಾನುವಾರ ನಾನೇ ಮಾಡ್ಕೊಂಡು ಬರ್ತೀನಿ ಬಿಡು" ಅಂದಳು.

"ಮುರಿದಿರೋದು ಮಣಿಕಟ್ಟು, ಮಾನ ಅಲ್ಲ. ಬರಿಗೈಲಿ ಬಾ" ಅಂದೆ.

ಅಂದದ್ದೇನೋ ಅಂದೆ. ಬಲಗೈ ಪ್ಲಾಸ್ಟರಿನೊಳಗಿತ್ತು, ಎಡಗೈಗೆ ಲಟ್ಟಣಿಗೆ ಹಿಡಿಯಲೂ ಬರದು. ತಂಗಿಯ ಮುಂದೆ ಮುಖ ಹೇಗೆ ತೋರಿಸಲಿ ಅಂತ ಕೂತಿದ್ದಾಗ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಸದ್ದು ನಿಂತಿತು. ನಮ್ಮ ಮನೆಯವರು ಟೈಲರ್, ಆ ಕೋಣೆಯೇ ಅವರ ಅಂಗಡಿ.

"ನಾನು ಮಾಡ್ತೀನಿ. ನೀನು ಬರೀ ಬಾಯಲ್ಲಿ ಹೇಳು" ಅಂದರು.

ಬಾಯಲ್ಲಿ ಹೇಳುವುದು ನನಗೆ ಚೆನ್ನಾಗಿಯೇ ಬರುತ್ತದೆ. ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ಲಟ್ಟಿಸಿದ ಹಿಟ್ಟಿನ ಮೇಲೆ ಗುರುತು ಹಾಕಲು ಅವರು ಜೇಬಿನಿಂದ ಬಟ್ಟೆಯ ಸೀಮೆಸುಣ್ಣ ತೆಗೆದರು!

"ರೀ! ಅದು ತಿನ್ನೋದು ರೀ!"

ಸೀಮೆಸುಣ್ಣ ಜೇಬಿಗೆ ಹೋಯಿತು. ಡಬ್ಬಿಯ ಮುಚ್ಚಳ ಒತ್ತಿ ದುಂಡಗೆ ಕತ್ತರಿಸಿದರು, ಹೂರಣ ಇಟ್ಟು ಮಡಚಿದರು, ಅಂಚನ್ನು ಪ್ಯಾಂಟಿನ ತುದಿಯಂತೆ ಎರಡೆರಡು ಸಲ ಒಳಗೆ ಮಡಚಿ ಒತ್ತಿದರು. ನಾನು ಓವನ್ ಕಡೆ ತಿರುಗಿದ್ದೆ, ನೋಡಲಿಲ್ಲ. ಮೊದಲ ಟ್ರೇ ಹೊರಬಂದಾಗ ಹೊಟ್ಟೆ ಕೆಂಪಗಾಗಿತ್ತು, ಅಂಚು ಮಾತ್ರ ಹಸಿ ಹಿಟ್ಟು.

"ಇಷ್ಟು ದಪ್ಪ ಯಾಕ್ರೀ ಮಡಚಿದ್ರಿ?"

"ಒಳಗೆ ಸ್ವಲ್ಪ ಬಿಟ್ಟಿರಬೇಕಲ್ಲೇ..."

"ಯಾಕೆ, ಮುಂದಿನ ವರ್ಷ ಬಿಚ್ಚಿಸಿ ಉದ್ದ ಮಾಡಿಸ್ಕೊಳ್ತಾರಾ?"

ನಗು ತಡೆಯಲಾಗಲಿಲ್ಲ. ಆದರೆ ಉಳಿದದ್ದು ಇನ್ನೊಂದೇ ಟ್ರೇಗೆ ಆಗುವಷ್ಟು ಹಿಟ್ಟು. ಅವರು ಕನ್ನಡಕ ಒರೆಸಿ ಹಾಕಿಕೊಂಡು, ಒಂದು ಬಿಲ್ಲೆಯನ್ನು ಅಂಗೈ ಮೇಲಿಟ್ಟು ಸುಮ್ಮನೆ ನೋಡಿದರು. ಆಮೇಲೆ ಒಂದೇ ಪದರದ ಅಂಚನ್ನು ಬೆರಳ ತುದಿಯಲ್ಲಿ ಸಣ್ಣಗೆ ನೆರಿಗೆ ಹಿಡಿಯುತ್ತ ಹೋದರು. ಒಂದರ ಮೇಲೊಂದು ಒರಗಿದ ಪುಟ್ಟ ಪುಟ್ಟ ನೆರಿಗೆ. ನನ್ನ ಬಾಯಿ ತಾನಾಗಿಯೇ ಮುಚ್ಚಿತು.

ಆ ಟ್ರೇಯಲ್ಲಿ ಒಂದೂ ಬಾಯಿ ಬಿಡಲಿಲ್ಲ.

ಸಂಜೆ ತಂಗಿ ಬಂದಳು, ಬರಿಗೈಲಲ್ಲ. ತನ್ನ ಡಬ್ಬಿ ಮೇಜಿನ ಮೇಲಿಟ್ಟು, ನಮ್ಮ ತಟ್ಟೆಯಿಂದ ಒಂದು ಎತ್ತಿ ತಿರುಗಿಸಿ ತಿರುಗಿಸಿ ನೋಡಿ, ಕಚ್ಚಿದಳು.

"ಒಂಟಿ ಕೈಲೂ ಹೀಗಾ? ನಿನ್ನ ಕೈಗುಣಾನೇ ಬೇರೆ ಅಕ್ಕಾ."

ಅವಳ ಬಾಯಿಂದ ಈ ಮಾತು ಕೇಳಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆ! ಮುಂದಿನ ಕೋಣೆಯಲ್ಲಿ ಮಷಿನ್ ಓಡುತ್ತಲೇ ಇತ್ತು. ಆ ಮನುಷ್ಯ ಎದ್ದು ಬಂದು ‘ನಾನು ಮಾಡಿದ್ದು’ ಅನ್ನುವವರಲ್ಲ.

"ನನ್ನ ಕೈಗುಣ ಅಲ್ಲ ಕಣೇ, ನಿಮ್ಮ ಭಾವ ಮಾಡಿದ್ದು" ಅಂದೆ.

"ಸುಮ್ನಿರು! ಭಾವನಿಗೆ ಹಾಲು ಕಾಯಿಸೋಕೂ ಬರಲ್ಲ ಅಂತ ನೀನೇ ಹೇಳ್ತಿದ್ದೆ."

ಒಂದು ಅರ್ಧಚಂದ್ರ ಎತ್ತಿ ಅವಳ ಅಂಗಿಯ ತೋಳಿನ ಪಕ್ಕ ಹಿಡಿದೆ. ಅವರೇ ಹೊಲಿದುಕೊಟ್ಟ ಅಂಗಿ. ತೋಳಿನ ತುದಿಯಲ್ಲೂ ಅದೇ ನೆರಿಗೆ, ಅದೇ ಒರಗು.

ತಂಗಿ ತೋಳು ನೋಡಿದಳು, ತಟ್ಟೆ ನೋಡಿದಳು. ತನ್ನ ಡಬ್ಬಿಯನ್ನು ಮೆಲ್ಲಗೆ ಚೀಲಕ್ಕೆ ವಾಪಸ್ ಇಟ್ಟಳು.

"ಭಾವಾ, ಹಿಟ್ಟು ನಾನು ಕಲಸ್ತೀನಿ, ಒಂದು ಮಾಡಿ ತೋರಿಸಿ, ಕಲೀತೀನಿ" ಅಂತ ಕೂಗಿದಳು.

ಮಷಿನ್ ನಿಂತಿತು. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ, ನಾಚಿಕೊಂಡು ಬಾಗಿಲಲ್ಲಿ ನಿಂತರು.

"ರೀ, ಆ ಟೇಪು ಅಲ್ಲೇ ಇಟ್ಟು ಬನ್ನಿ!" ಅಂದೆ. ಗದರಬೇಕೆಂದೇ ಬಾಯಿ ತೆರೆದದ್ದು, ಆದರೆ ಹೊರಬಂದ ದನಿಯ ತುಂಬ ಜಂಬವೇ ಇತ್ತು.